ರಾತ್ರಿ ಹೀಟರ್ ಹಾಕಿದರೆ ಬೆಳಿಗ್ಗೆ ಹಾಸಿಗೆ ಅಡಿ ಒದ್ದೆ: ಕ್ಯಾಂಪರ್ ಒಳಗೆ ಈ ನೀರು ಎಲ್ಲಿಂದ ಬರುತ್ತಿದೆ?

ಗಾಲಿಮನೆ (ಸೋಮವಾರ, ಸಂಜೆ 6:20)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಜಾರಾಗಬೇಡಿ.

ನಮ್ಮದು ಸರಕು ಸಾಗಿಸುವ ವ್ಯಾನು. ಅದನ್ನು ನಾವೇ ಕ್ಯಾಂಪರ್ ಮಾಡಿಕೊಂಡಿದ್ದೇವೆ. ನಾನು, ನನ್ನ ಗಂಡ, ಒಂದು ನಾಯಿ. ಗೋಡೆಗೆ ಫೋಮ್ ಹಾಳೆ, ಅದರ ಮೇಲೆ ಪ್ಲೈವುಡ್. ಹಾಸಿಗೆ ಹಿಂದುಗಡೆ, ಒಂದೇ ಹಲಗೆಯ ಮೇಲೆ. ಈ ಚಳಿಗಾಲಕ್ಕೆ ಅಂತ ಕೈಯಲ್ಲಿ ಎತ್ತಿಕೊಂಡು ಹೋಗುವಂಥ ಪ್ರೊಪೇನ್ ಹೀಟರ್ ತಂದೆವು. ಗಂಟೆಗೆ 4,000 ಬಿಟಿಯು, 9,000 ಬಿಟಿಯು (ಬಿಟಿಯು ಅಂದರೆ ಬಿಸಿಯ ಅಳತೆ), ಎರಡು ಮಟ್ಟ ಇದೆ. 465 ಗ್ರಾಂ ಅನಿಲದ ಚಿಕ್ಕ ಸಿಲಿಂಡರನ್ನು ಅದಕ್ಕೇ ತಿರುಗಿಸಿ ಕೂರಿಸಬೇಕು.

ಹತ್ತು ನಿಮಿಷಕ್ಕೆ ಒಳಗೆ ಬೆಚ್ಚಗಾಗುತ್ತದೆ. ತೊಂದರೆ ಇರುವುದು ನೀರಿನದು. ಬೆಳಿಗ್ಗೆ ಎದ್ದರೆ ಗಾಜಿನ ಮೇಲೆ ನೀರು ಗೆರೆಗೆರೆಯಾಗಿ ಇಳಿಯುತ್ತಿರುತ್ತದೆ. ಹಿಂಬಾಗಿಲಿನ ತಗಡು ಬೆವರಿರುತ್ತದೆ. ಮೊನ್ನೆ ಹಾಸಿಗೆ ಎತ್ತಿ ನೋಡಿದೆ, ಅಡಿಭಾಗ ಪೂರ್ತಿ ಒದ್ದೆ, ಮೂಲೆಯಲ್ಲಿ ಕಪ್ಪು ಬೂಷ್ಟು. ಬಟ್ಟೆಗೆಲ್ಲ ಮುಗ್ಗಲು ವಾಸನೆ.

ಗಾಳಿ ನುಗ್ಗುವ ಸಂದುಗಳನ್ನೆಲ್ಲ ಹುಡುಕಿ ಹುಡುಕಿ ಮುಚ್ಚಿದ್ದೇವೆ. ಬಾಗಿಲಿಗೆ ರಬ್ಬರ್ ಪಟ್ಟಿ, ಛಾವಣಿಯ ಫ್ಯಾನಿಗೆ ಒಳಗಿನಿಂದ ದಿಂಬು. ಆದರೂ ಹೀಗೆ. ಮಳೆನೀರು ಸೋರುತ್ತಿದೆಯಾ ಅಂತ ಪೈಪಿನಲ್ಲಿ ನೀರು ಹೊಡೆದೂ ನೋಡಿದೆವು. ಎಲ್ಲೂ ಸೋರಿಕೆ ಇಲ್ಲ.

ಇನ್ನೂ ದೊಡ್ಡ ಹೀಟರ್ ಹಾಕಿದರೆ ಒಣಗುತ್ತದಾ? ಇಲ್ಲ ತೇವ ಹೀರುವ ಯಂತ್ರ ತರಬೇಕಾ?

ಕಾಲಲ್ಲಿಚಕ್ರ (6:31)

ಉಸಿರಿನ ನೀರು ಅದು. ಇಬ್ಬರು ಜನ, ಒಂದು ನಾಯಿ, ಚಿಕ್ಕ ಜಾಗ. ತೇವ ಹೀರುವ ಉಪ್ಪಿನ ಡಬ್ಬಿ ಸಿಗುತ್ತವಲ್ಲ, ಎರಡು ಇಡಿ. ಸರಿಹೋಗುತ್ತದೆ.

ಲೆಕ್ಕದವಳು (6:48)

ಉಸಿರು ಅರ್ಧ ಕಥೆ ಮಾತ್ರ. ಇನ್ನರ್ಧ ನೀರನ್ನು ಮಾಡುತ್ತಿರುವುದು ಆ ಹೀಟರೇ.

ಪ್ರೊಪೇನ್ ಅಂದರೆ ಇಂಗಾಲ ಮತ್ತು ಹೈಡ್ರೋಜನ್. ಅದು ಉರಿದಾಗ ಹೈಡ್ರೋಜನ್ ಎಲ್ಲಿ ಹೋಗಬೇಕು? ಗಾಳಿಯ ಆಮ್ಲಜನಕದ ಜೊತೆ ಸೇರಿ ನೀರಾಗುತ್ತದೆ. 44 ಗ್ರಾಂ ಪ್ರೊಪೇನ್ ಉರಿದರೆ 72 ಗ್ರಾಂ ನೀರು. ಉರಿಸಿದ ಅನಿಲಕ್ಕಿಂತ ನೀರಿನ ತೂಕವೇ ಜಾಸ್ತಿ. ನಿಮ್ಮ 465 ಗ್ರಾಂ ಸಿಲಿಂಡರ್ ಖಾಲಿಯಾಗುವಷ್ಟರಲ್ಲಿ ಮುಕ್ಕಾಲು ಲೀಟರ್ ನೀರು ಆವಿಯಾಗಿ ವ್ಯಾನ್ ಒಳಗೆ ಸೇರಿರುತ್ತದೆ.

ಈಗ ವ್ಯಾನಿನ ಗಾಳಿಗೆ ಬನ್ನಿ. ನಿಮ್ಮಂಥ ವ್ಯಾನಿನ ಒಳಗೆ ಸುಮಾರು 10 ಘನ ಮೀಟರ್ ಗಾಳಿ ಇರಬಹುದು. 20 ಡಿಗ್ರಿ ಬಿಸಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 17 ಗ್ರಾಂ ಆವಿ ಹಿಡಿದುಕೊಳ್ಳುತ್ತದೆ. ಅಂದರೆ ಇಡೀ ವ್ಯಾನಿಗೆ 170 ಗ್ರಾಂ. ನೀವು ಸುರಿಯುತ್ತಿರುವುದು 760 ಗ್ರಾಂ, ಅದರ ಮೇಲೆ ಉಸಿರಿನದು ಬೇರೆ. ಉಳಿದದ್ದು ತಣ್ಣಗಿರುವ ಜಾಗ ಹುಡುಕಿಕೊಂಡು ಹೋಗಿ ನೀರಾಗುತ್ತದೆ. ಗಾಜು, ತಗಡು, ಹಾಸಿಗೆ ಅಡಿ.

ದೊಡ್ಡ ಹೀಟರ್ ತಂದರೆ ಇನ್ನೂ ಜಾಸ್ತಿ ನೀರು, ಅಷ್ಟೇ.

ದಾರಿಹೋಕ (6:55)

ಇದು ನನಗೆ ಒಪ್ಪಿಗೆಯಾಗುತ್ತಿಲ್ಲ ಮೇಡಂ. ಬೆಂಕಿ ಹಚ್ಚಿದರೆ ಗಾಳಿ ಒಣಗುತ್ತದೆ ಅಂತಲೇ ನಾವೆಲ್ಲ ಕೇಳಿಕೊಂಡು ಬಂದಿರುವುದು. ಬೆಂಕಿಯಿಂದ ನೀರು ಹೇಗೆ ಬರುತ್ತದೆ?

ಲೆಕ್ಕದವಳು (7:02)

ಒಂದು ಪಾತ್ರೆಗೆ ತಣ್ಣೀರು ತುಂಬಿ ಗ್ಯಾಸ್ ಒಲೆ ಮೇಲಿಡಿ. ಮೊದಲ ಅರ್ಧ ನಿಮಿಷ ಪಾತ್ರೆಯ ಹೊರಮೈ ನೋಡಿ. ತಳದ ಸುತ್ತ ಮಂಜು ಹಿಡಿದ ಹಾಗೆ ಬೆವರುತ್ತದೆ, ಆಮೇಲೆ ಬಿಸಿಗೆ ಆರಿಹೋಗುತ್ತದೆ. ಆ ಬೆವರು ಒಳಗಿನ ನೀರಲ್ಲ. ಜ್ವಾಲೆಯ ನೀರು.

ಬೆಂಕಿಯಿಂದ ಒಣಗುವುದು ಹೊಗೆ ಹೊರಗೆ ಹೋಗುವ ಒಲೆಯಲ್ಲಿ. ಹೊಗೆಕೊಳವೆ ಇದ್ದರೆ ಆ ನೀರೆಲ್ಲ ಅದರಲ್ಲೇ ಹೊರಟುಹೋಗುತ್ತದೆ. ಈ ಹೀಟರಿಗೆ ಹೊಗೆಕೊಳವೆಯೇ ಇಲ್ಲ. ಉರಿದದ್ದೆಲ್ಲ ನೀವು ಮಲಗುವ ಕೋಣೆಗೇ ಬರುತ್ತದೆ.

ದಾರಿಹೋಕ (7:19)

ಈಗಷ್ಟೇ ಒಲೆ ಹಚ್ಚಿ ನೋಡಿದೆ. ನಿಜ. ಇಷ್ಟು ವರ್ಷ ಪಾತ್ರೆ ಸರಿಯಾಗಿ ಒರೆಸಿಲ್ಲ ಅಂದುಕೊಳ್ಳುತ್ತಿದ್ದೆ.

ಆಸ್ಪತ್ರೆಪಾಳಿ (7:24)

ನೀರಿನ ಮಾತು ಆಮೇಲೆ. ಗಾಲಿಮನೆ ಅವರೇ, ಎರಡು ಪ್ರಶ್ನೆ. ರಾತ್ರಿ ಹೀಟರ್ ಉರಿಯುತ್ತಿರುವಾಗಲೇ ಮಲಗುತ್ತೀರಾ? ಕಾರ್ಬನ್ ಮೊನಾಕ್ಸೈಡ್ (ಸಿಓ, ಅನಿಲ ಸರಿಯಾಗಿ ಉರಿಯದಾಗ ಹುಟ್ಟುವ ವಿಷಾನಿಲ) ಅಲಾರಾಂ ಇದೆಯಾ? ಎಲ್ಲ ಸಂದು ಮುಚ್ಚಿದ್ದೇವೆ ಅಂತ ಓದಿದ ಮೇಲೆ ನನಗೆ ಬೇರೇನೂ ತಲೆಗೆ ಹೋಗುತ್ತಿಲ್ಲ.

ಗಾಲಿಮನೆ (7:40)

ಸಾಮಾನ್ಯವಾಗಿ ಮಲಗುವ ಮುಂಚೆ ಆರಿಸುತ್ತೇವೆ. ಆದರೆ ಶುಕ್ರವಾರ, ಶನಿವಾರ ಚಳಿ ತಡೆಯಲಾಗದೆ ಕಡಿಮೆ ಮಟ್ಟದಲ್ಲಿ ಉರಿಯಲು ಬಿಟ್ಟು ಮಲಗಿದೆವು. ಬೆಳಿಗ್ಗೆ ಇಬ್ಬರಿಗೂ ತಲೆನೋವಿತ್ತು. ಶೀತಕ್ಕೆ ಅಂದುಕೊಂಡೆವು. ಅಲಾರಾಂ ಇಲ್ಲ. ಹೀಟರಿನಲ್ಲೇ ಸುರಕ್ಷತೆ ಇದೆ, ಆಮ್ಲಜನಕ ಕಡಿಮೆಯಾದರೆ ತಾನೇ ಆರುತ್ತದೆ ಅಂತ ಡಬ್ಬಿ ಮೇಲೆ ಬರೆದಿತ್ತು.

ಆಸ್ಪತ್ರೆಪಾಳಿ (7:46)

ಅಕ್ಕ, ಇವತ್ತು ರಾತ್ರಿ ಆ ಹೀಟರ್ ಹಚ್ಚಬೇಡಿ. ದಯವಿಟ್ಟು. ರಜಾಯಿ ಇನ್ನೊಂದು ಹೊದೆಯಿರಿ, ಬಿಸಿನೀರಿನ ಚೀಲ ಇಟ್ಟುಕೊಳ್ಳಿ.

ಒಂದೇ ಜಾಗದಲ್ಲಿ ಮಲಗಿದ ಇಬ್ಬರಿಗೂ ಒಂದೇ ಬೆಳಿಗ್ಗೆ ತಲೆನೋವು ಅಂದರೆ ಮೊದಲು ಅನುಮಾನಪಡಬೇಕಾದದ್ದು ಸಿಓ ಮೇಲೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆ ಸುತ್ತು, ಓಕರಿಕೆ, ಸುಸ್ತು, ಎಲ್ಲ ಜ್ವರ ಬರುವ ಹಾಗೇ ಇರುತ್ತದೆ. ಎಚ್ಚರ ಇದ್ದರೆ ಹೊರಗೆ ಬರುತ್ತೀರಿ. ನಿದ್ದೆಯಲ್ಲಿದ್ದರೆ ಗೊತ್ತೇ ಆಗುವುದಿಲ್ಲ. ನಾನು ರಾತ್ರಿ ಪಾಳಿಯಲ್ಲಿ ಇಂಥವರನ್ನು ನೋಡಿದ್ದೇನೆ. ಎಲ್ಲರೂ ಹೇಳುವುದು ಒಂದೇ ಮಾತು, ಏನೂ ಗೊತ್ತಾಗಲಿಲ್ಲ ಅಂತ.

ಈಗಲೂ ತಲೆ ಭಾರ ಅನ್ನಿಸಿದರೆ ಕಾಯಬೇಡಿ, ವೈದ್ಯರ ಹತ್ತಿರ ಹೋಗಿ. ಹೀಟರಿನ ವಿಷಯ ಬಾಯಿಬಿಟ್ಟು ಹೇಳಿ.

ಬೆಚ್ಚನೆಗೂಡು (8:03)

ಸುಮ್ನೆ ಹೆದರಿಸಬೇಡಿ. ನಾನು ನಾಲ್ಕು ಚಳಿಗಾಲ ಇಂಥದೇ ಹೀಟರ್ ಉರಿಸಿಕೊಂಡು ಮಲಗಿದ್ದೇನೆ. ಏನೂ ಆಗಿಲ್ಲ. ಆಮ್ಲಜನಕದ ಸೆನ್ಸರ್ ಇರುವುದೇ ಅದಕ್ಕೆ ಅಲ್ವಾ?

ಹಳೇಮೆಕ್ಯಾನಿಕ್ (8:21)

ಅಲ್ಲ ಸರ್. ಆ ಸೆನ್ಸರ್ ಒಳಗೆ ಏನಿದೆ ಅಂತ ಹೇಳುತ್ತೇನೆ, ಆಮೇಲೆ ನೀವೇ ಯೋಚನೆ ಮಾಡಿ.

ಅಲ್ಲಿ ಸಿಓ ಅಳೆಯುವಂಥದ್ದು ಏನೂ ಇಲ್ಲ. ಇರುವುದು ಒಂದು ಚಿಕ್ಕ ಪೈಲಟ್ ಜ್ವಾಲೆ, ಅದರ ನಾಲಿಗೆಗೆ ತಾಗುವ ಹಾಗೆ ಒಂದು ಥರ್ಮೋಕಪಲ್ ಕಡ್ಡಿ. ಕಡ್ಡಿ ಬಿಸಿಯಾಗಿರುವ ತನಕ ಅನಿಲದ ವಾಲ್ವ್ ತೆರೆದಿರುತ್ತದೆ. ಗಾಳಿಯಲ್ಲಿ ಸಾಮಾನ್ಯವಾಗಿ ಶೇ. 21ರಷ್ಟು ಆಮ್ಲಜನಕ ಇರುತ್ತದೆ. ಅದು ಶೇ. 18ರ ಆಸುಪಾಸಿಗೆ ಇಳಿದರೆ ಪೈಲಟ್ ಜ್ವಾಲೆ ಕಡ್ಡಿಯಿಂದ ದೂರ ಎದ್ದು ಹೋಗುತ್ತದೆ. ಕಡ್ಡಿ ತಣ್ಣಗಾಗುತ್ತದೆ, ವಾಲ್ವ್ ಮುಚ್ಚುತ್ತದೆ. ಬಹಳ ಒಳ್ಳೆಯ ಯೋಚನೆ, ಅದರ ಬಗ್ಗೆ ನನಗೆ ಗೌರವ ಇದೆ.

ಆದರೆ ಆಮ್ಲಜನಕ ಪೂರ್ತಿ ಇದ್ದೂ ಸಿಓ ಹುಟ್ಟಬಹುದು. ಬರ್ನರ್ ಹಲಗೆ ಮೇಲೆ ಧೂಳು ಕೂತಿದ್ದರೆ, ಕೊಳವೆಯಲ್ಲಿ ಜೇಡ ಬಲೆ ಕಟ್ಟಿದ್ದರೆ, ಹೀಟರ್ ಬಿದ್ದು ಹಲಗೆ ಬಿರುಕು ಬಿಟ್ಟಿದ್ದರೆ ಅನಿಲ ಸರಿಯಾಗಿ ಉರಿಯುವುದಿಲ್ಲ. ಆಗ ಪೈಲಟ್ ಚೆನ್ನಾಗೇ ಉರಿಯುತ್ತಿರುತ್ತದೆ, ಸೆನ್ಸರ್ ತೆಪ್ಪಗಿರುತ್ತದೆ, ಸಿಓ ಮಾತ್ರ ಏರುತ್ತಿರುತ್ತದೆ. ರಿಪೇರಿಗೆ ಬಂದ ಹೀಟರ್‌ಗಳಲ್ಲಿ ನಾಯಿಕೂದಲು ತುಂಬಿದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಗಾಲಿಮನೆ ಅವರ ವ್ಯಾನಿನಲ್ಲಿ ನಾಯಿ ಇದೆ, ಗಮನಿಸಿ. ನೀಲಿ ಇರಬೇಕಾದ ಪೈಲಟ್ ಹಳದಿಯಾಗಿ ಅಲ್ಲಾಡುತ್ತಿದ್ದರೆ ಹೊರಗೆ ತಂದು ಶುಚಿ ಮಾಡಿಸಿ.

ನಾಲ್ಕು ಚಳಿಗಾಲ ಏನೂ ಆಗಿಲ್ಲ ಅಂದರೆ ನಿಮ್ಮ ಹೀಟರ್ ಶುಚಿಯಾಗಿತ್ತು, ಗಾಳಿ ಓಡಾಡುತ್ತಿತ್ತು ಅಂತ ಅರ್ಥ.

ಬೆಚ್ಚನೆಗೂಡು (8:35)

ನನ್ನದರಲ್ಲಿ ಛಾವಣಿ ಕಿಂಡಿ ಯಾವಾಗಲೂ ತೆರೆದೇ ಇರುತ್ತದೆ, ಅದು ನಿಜ. ಆದರೆ ಮಲಗುವಾಗ ಉರಿಸಲೇಬಾರದು ಅನ್ನುವುದು ಅತಿಯಾಯಿತು ಅಂತ ನನ್ನ ಅಭಿಪ್ರಾಯ.

ಹಳೇಮೆಕ್ಯಾನಿಕ್ (8:41)

ಅಭಿಪ್ರಾಯದ ಮಾತಲ್ಲ ಸರ್. ನಿಮ್ಮ ಹೀಟರಿನ ಕೈಪಿಡಿ ತೆಗೆದು ಓದಿ. ಎಷ್ಟು ತೆರೆದ ಜಾಗ ಬೇಕು, ಮಲಗುವಾಗ ಉರಿಸಬಹುದಾ ಅಂತ ಎರಡನ್ನೂ ಅದರಲ್ಲೇ ಅಚ್ಚು ಹಾಕಿರುತ್ತಾರೆ.

ಎತ್ತರದಹಾದಿ (8:44)

ಸೆನ್ಸರ್ ಮಾತು ಬಂತಲ್ಲ, ನನ್ನದೊಂದು. ಬೆಟ್ಟದ ಮೇಲೆ 2,500 ಮೀಟರ್ ಎತ್ತರದಲ್ಲಿ ಹೀಟರ್ ಹತ್ತುತ್ತದೆ, ಐದು ನಿಮಿಷಕ್ಕೆ ಆರುತ್ತದೆ. ಮೂರು ಸಿಲಿಂಡರ್ ಬದಲಾಯಿಸಿದೆ. ಕೆಳಗೆ ಬಂದ ಮೇಲೆ ಸರಿ. ಕೆಟ್ಟಿದೆಯಾ?

ಹಳೇಮೆಕ್ಯಾನಿಕ್ (8:50)

ಕೆಟ್ಟಿಲ್ಲ. ಎತ್ತರದಲ್ಲಿ ಗಾಳಿ ತೆಳು. ಆಮ್ಲಜನಕ ಕಡಿಮೆಯಾದ ಹಾಗೇ ಪೈಲಟ್‌ಗೆ ಕಾಣುತ್ತದೆ. 7,000 ಅಡಿ, ಅಂದರೆ ಸುಮಾರು 2,100 ಮೀಟರ್ ದಾಟಿದರೆ ಆರಬಹುದು ಅಂತ ಇಂಥ ಹೀಟರ್‌ಗಳ ಕೈಪಿಡಿಯಲ್ಲೇ ಇರುತ್ತದೆ. ಕೆಲವರು ಆ ಕಡ್ಡಿಯನ್ನು ಬಗ್ಗಿಸಿ ಹತ್ತಿರ ತರುತ್ತಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ. ಇರುವ ಒಂದು ಕಾವಲನ್ನೂ ಕಟ್ಟಿಹಾಕಿದ ಹಾಗಾಗುತ್ತದೆ.

ಗಾಲಿಮನೆ (9:05)

ಇವತ್ತು ಹಚ್ಚುವುದಿಲ್ಲ. ನಾಳೆ ಬೆಳಿಗ್ಗೆಯೇ ಅಲಾರಾಂ ತರುತ್ತೇನೆ. ನಿಜ ಹೇಳಬೇಕೆಂದರೆ ಕೈ ನಡುಗುತ್ತಿದೆ. ಎಂಥದನ್ನು ತರಬೇಕು, ಎಲ್ಲಿ ಹಾಕಬೇಕು?

ಆಸ್ಪತ್ರೆಪಾಳಿ (9:12)

ಮನೆಗೆ ಮಾಡಿದ್ದಲ್ಲ, ವಾಹನದ ಕುಲುಕಾಟ ಮತ್ತು ಚಳಿ ತಡೆಯುವಂಥದ್ದು ಬೇಕು. ಡಬ್ಬಿ ಮೇಲೆ ಇಎನ್ 50291-2 ಅಂತ ಇದ್ದರೆ ಅದು ಕ್ಯಾರವಾನ್, ದೋಣಿಗಳಿಗೆ ಅಂತಲೇ ಇರುವ ಯುರೋಪಿನ ಮಾನದಂಡ. ಅಮೆರಿಕದ್ದಾದರೆ ಯುಎಲ್ 2034, ಅದರಲ್ಲೂ ಕ್ಯಾಂಪರ್ ವಾಹನಗಳಿಗೆ ಆಗುತ್ತದೆ ಅಂತ ಬರೆದಿರಬೇಕು.

ಸಿಓ ತೂಕ ಹೆಚ್ಚುಕಡಿಮೆ ಗಾಳಿಯಷ್ಟೇ, ಎಲ್ಲ ಕಡೆ ಬೆರೆಯುತ್ತದೆ. ಹಾಗಾಗಿ ಮಲಗಿದಾಗ ತಲೆ ಇರುವ ಎತ್ತರದಲ್ಲಿ, ಹಾಸಿಗೆ ಹತ್ತಿರ ಹಾಕಿ. ಗಾಜಿನ ಪಕ್ಕ ಬೇಡ. ಇನ್ನೊಂದು, ಅಲಾರಾಂ ತಕ್ಷಣ ಕೂಗುವುದಿಲ್ಲ. ಯುಎಲ್ 2034 ಪ್ರಕಾರ ಸಿಓ 400 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 400 ಭಾಗ) ಇದ್ದರೆ 4ರಿಂದ 15 ನಿಮಿಷದೊಳಗೆ ಕೂಗಬೇಕು, 70 ಪಿಪಿಎಂ ಇದ್ದರೆ 1ರಿಂದ 4 ಗಂಟೆ ಹಿಡಿಯಬಹುದು. ಅದಕ್ಕೇ ಅಂಕಿ ತೋರಿಸುವ ಪರದೆ ಇರುವಂಥದ್ದು ತನ್ನಿ. ಅಂಕಿ ಏರುತ್ತಿರುವುದು ಕಂಡಾಗಲೇ ನೀವು ಎಚ್ಚೆತ್ತುಕೊಳ್ಳಬಹುದು.

ನೀಲಿಜ್ವಾಲೆ (9:20)

ಅದರ ಜೊತೆ ಪ್ರೊಪೇನ್ ಸೋರಿಕೆಯ ಅಲಾರಾಂ ಬೇರೆಯದೇ ಬೇಕು. ಅದು ನೆಲದ ಹತ್ತಿರ. ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಸೋರಿದರೆ ಕೆಳಗೆ ಕೂರುತ್ತದೆ. ಗಾಳಿಯಲ್ಲಿ ಶೇ. 2ರಷ್ಟು ಸೇರಿದರೆ ಸಾಕು, ಕಿಡಿ ತಾಗಿ ಹತ್ತಿಕೊಳ್ಳುತ್ತದೆ. ಸಿಲಿಂಡರ್ ತಿರುಗಿಸಿದಾಗೆಲ್ಲ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದಾ ನೋಡಿ. ಬಿಡಿ ಸಿಲಿಂಡರ್‌ಗಳನ್ನು ಹಾಸಿಗೆ ಕೆಳಗೆ ಇಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ಕಾಲಲ್ಲಿಚಕ್ರ (9:33)

ಅಲಾರಾಂ ಸುಳ್ಳು ಕೂಗುವುದೂ ಉಂಟು. ನನ್ನದು ಒಂದು ರಾತ್ರಿ ಎರಡು ಗಂಟೆಗೆ ಕೂಗಿತು. ಹೀಟರ್ ಆರಿಸಿ ಐದು ಗಂಟೆಯಾಗಿತ್ತು. ಬಾಗಿಲು ತೆರೆದು ಹೊರಗೆ ಓಡಿದೆವು. ಕೊನೆಗೆ ನೋಡಿದರೆ ಹಾಸಿಗೆ ಕೆಳಗಿದ್ದ ಲೆಡ್ ಆಸಿಡ್ ಬ್ಯಾಟರಿ ಚಾರ್ಜ್ ಜಾಸ್ತಿಯಾಗಿ ಹೈಡ್ರೋಜನ್ ಬಿಡುತ್ತಿತ್ತು. ಸಿಓ ಸೆನ್ಸರ್‌ಗೆ ಹೈಡ್ರೋಜನ್ನೂ ಸಿಓ ಹಾಗೇ ಕಾಣುತ್ತದಂತೆ.

ಹಳೇಮೆಕ್ಯಾನಿಕ್ (9:38)

ಅದು ಸುಳ್ಳು ಕೂಗಲ್ಲ ಸರ್, ನಿಮ್ಮ ಬ್ಯಾಟರಿಯನ್ನು ಹಿಡಿದುಕೊಟ್ಟಿತು. ಮುಚ್ಚಿದ ಪೆಟ್ಟಿಗೆಯಲ್ಲಿ ಹೈಡ್ರೋಜನ್ ಸೇರಿದರೆ ಸಿಡಿಯುತ್ತದೆ. ನೀವು ಮೊದಲು ಹೊರಗೆ ಓಡಿ, ಆಮೇಲೆ ಕಾರಣ ಹುಡುಕಿದಿರಲ್ಲ, ಹಾಗೇ ಮಾಡಬೇಕು.

ಗಾಲಿಮನೆ (ಮಂಗಳವಾರ, ಬೆಳಿಗ್ಗೆ 11:10)

ಅಲಾರಾಂ ಎರಡೂ ತಂದೆ. ತೇವಾಂಶ ಮೀಟರ್ ಕೂಡ ತಂದೆ. ತಲೆನೋವು ಇಲ್ಲ, ಆದರೂ ವೈದ್ಯರನ್ನು ಕಂಡು ಬಂದೆವು.

ಹೀಟರ್ ಹಾಕದೆಯೇ ಬೆಳಿಗ್ಗೆ ಮೀಟರ್ ಶೇ. 84 ತೋರಿಸಿತು. ಈಗ ನೀರಿನ ಪ್ರಶ್ನೆಗೆ ವಾಪಸ್ ಬರಲಾ? ಕಿಟಕಿ ತೆರೆಯಿರಿ ಅಂತ ಎಲ್ಲರೂ ಹೇಳುತ್ತೀರಿ ಅಂತ ಗೊತ್ತು. ಆದರೆ ಇಲ್ಲಿ ಹೊರಗೆ ಸದಾ ಮಂಜು, ಜಿಟಿಜಿಟಿ ಮಳೆ. ಹೊರಗಿನ ಗಾಳಿಯೇ ಒದ್ದೆ. ತೆರೆದರೆ ಇನ್ನೂ ತೇವ ಒಳಗೆ ಬರುವುದಿಲ್ಲವಾ? ಬಿಸಿಯೂ ಹೋಗುತ್ತದೆ.

ಮಂಜುಮುಸುಕು (11:25)

ನನ್ನದೂ ಇದೇ ಪ್ರಶ್ನೆ! ಮಳೆಯಲ್ಲಿ ಕಿಟಕಿ ತೆರೆದು ಒಣಗಿಸುವುದು ಅಂದರೆ ನಂಬಲು ಕಷ್ಟ.

ಲೆಕ್ಕದವಳು (11:52)

ತಣ್ಣನೆಯ ಗಾಳಿ ಎಷ್ಟೇ ಒದ್ದೆ ಅನ್ನಿಸಿದರೂ ಅದರೊಳಗೆ ಇರುವ ನೀರು ಸ್ವಲ್ಪವೇ. 0 ಡಿಗ್ರಿ ಗಾಳಿ ಪೂರ್ತಿ ತುಂಬಿದ್ದರೂ ಘನ ಮೀಟರ್‌ಗೆ 5 ಗ್ರಾಂ ಆವಿ ದಾಟುವುದಿಲ್ಲ. 5 ಡಿಗ್ರಿಯಲ್ಲಿ 7 ಗ್ರಾಂ ಆಸುಪಾಸು. ಆ 5 ಡಿಗ್ರಿ ಗಾಳಿ, ಹೊರಗೆ ಶೇ. 100 ತೇವ ಇದ್ದದ್ದು, ನಿಮ್ಮ ವ್ಯಾನಿಗೆ ಬಂದು 20 ಡಿಗ್ರಿಗೆ ಬಿಸಿಯಾದರೆ ಮೀಟರ್ ಶೇ. 40ಕ್ಕಿಂತ ಕಡಿಮೆ ತೋರಿಸುತ್ತದೆ. ನೀರು ಅಷ್ಟೇ ಇದೆ, ಗಾಳಿಯ ಪಾತ್ರೆ ದೊಡ್ಡದಾಯಿತು. ಆಮೇಲೆ ಅದು ನಿಮ್ಮ ಉಸಿರಿನ ನೀರು, ಹೀಟರಿನ ನೀರು ಎಲ್ಲ ತುಂಬಿಕೊಂಡು ಹೊರಗೆ ಹೋಗುತ್ತದೆ. ಹನಿ ಒಳಗೆ ಸಿಡಿಯದ ಹಾಗೆ ನೋಡಿಕೊಂಡರೆ ಸಾಕು.

ಬಿಸಿ ಎಷ್ಟು ಹೋಗುತ್ತದೆ, ಅದನ್ನೂ ಲೆಕ್ಕ ಹಾಕಿದೆ. ಕಡಿಮೆ ಮಟ್ಟ 4,000 ಬಿಟಿಯು ಅಂದರೆ 1,170 ವ್ಯಾಟ್. ಗಂಟೆಗೆ ಸುಮಾರು 85 ಗ್ರಾಂ ಅನಿಲ, 140 ಗ್ರಾಂ ನೀರು. ಇಬ್ಬರ ಉಸಿರು, ಬೆವರು ಸೇರಿ ಇನ್ನೊಂದು 80 ಗ್ರಾಂ ಅಂತ ಇಟ್ಟುಕೊಳ್ಳಿ. ಒಟ್ಟು 220. ಒಳಗೆ 20 ಡಿಗ್ರಿ, ಶೇ. 60 ತೇವ, ಹೊರಗೆ 0 ಡಿಗ್ರಿ ಇದ್ದರೆ, ಹೊರಹೋಗುವ ಪ್ರತಿ ಘನ ಮೀಟರ್ ಗಾಳಿ ಐದೂವರೆ ಗ್ರಾಂ ನೀರು ಹೊತ್ತುಕೊಂಡು ಹೋಗುತ್ತದೆ. ಅಂದರೆ ಗಂಟೆಗೆ 40 ಘನ ಮೀಟರ್, ವ್ಯಾನಿನ ಗಾಳಿ ನಾಲ್ಕು ಸಲ ಬದಲಾಗಬೇಕು. ಆ ಗಾಳಿ ಬಿಸಿ ಮಾಡಲು 270 ವ್ಯಾಟ್. ಹೀಟರಿನ ಕಾಲುಭಾಗವೂ ಇಲ್ಲ.

ನೀವು ಉಳಿಸಲು ಹೋಗಿದ್ದು ಆ ಕಾಲುಭಾಗ. ಅದಕ್ಕೆ ಹಾಸಿಗೆ ಕೊಟ್ಟಿರಿ.

ಮಂಜುಮುಸುಕು (12:04)

ಇದನ್ನು ಬರೆದಿಟ್ಟುಕೊಂಡೆ. ಧನ್ಯವಾದ ಅಕ್ಕ.

ನೀಲಿಜ್ವಾಲೆ (12:15)

ಒಂದೇ ಕಡೆ ತೆರೆದರೆ ಸಾಲದು. ಗಾಳಿಗೆ ಬರಲೂ ದಾರಿ ಬೇಕು, ಹೋಗಲೂ ದಾರಿ ಬೇಕು. ಕೆಳಗೆ ಒಂದು ಕಿಟಕಿ ಎರಡು ಬೆರಳು, ಮೇಲೆ ಛಾವಣಿಯ ಕಿಂಡಿ ಎರಡು ಬೆರಳು. ಬಿಸಿ ಗಾಳಿ ತಾನಾಗೇ ಮೇಲೆ ಹೋಗುತ್ತದೆ, ಕೆಳಗಿನಿಂದ ಹೊಸದು ಬರುತ್ತದೆ. ಫ್ಯಾನಿನ ದಿಂಬು ಮೊದಲು ಕಿತ್ತುಹಾಕಿ. ಅತಿ ನಿಧಾನದಲ್ಲಿ ಹೊರಗೆ ಊದುವ ಹಾಗೆ ಬಿಡಿ.

ಹೀಟರ್ ಆರಿಸಿದ ಮೇಲೂ ತೆರೆದೇ ಇರಲಿ. ಉಸಿರು ಇಡೀ ರಾತ್ರಿ ಇರುತ್ತದೆ.

ದಾರಿಹೋಕ (12:31)

ತೇವ ಹೀರುವ ಯಂತ್ರದ ಬಗ್ಗೆ ಯಾರೂ ಉತ್ತರ ಕೊಡಲಿಲ್ಲ. ಉಪ್ಪಿನ ಡಬ್ಬಿ ನಡೆಯುತ್ತದಾ?

ಹಲಗೆಮೊಳೆ (12:50)

ಉಪ್ಪಿನ ಡಬ್ಬಿ ಅಂದರೆ ಕ್ಯಾಲ್ಸಿಯಂ ಕ್ಲೋರೈಡ್. ಮುಚ್ಚಿದ ಬೀರುವಿನೊಳಗೆ ಪರವಾಗಿಲ್ಲ. ಇಡೀ ವ್ಯಾನಿಗೆ ಅದು ಸಾಲುವುದಿಲ್ಲ. ದಿನಕ್ಕೆ ಒಂದು ಲೀಟರಿಗೂ ಹೆಚ್ಚು ನೀರು ಹುಟ್ಟುತ್ತಿದೆ, ಒಂದು ಡಬ್ಬಿ ತುಂಬಲು ವಾರಗಳೇ ಬೇಕು. ತಿರುವಿನಲ್ಲಿ ಆ ಉಪ್ಪುನೀರು ಚೆಲ್ಲಿದರೆ ನೆಲದ ತಗಡು ತುಕ್ಕು ಹಿಡಿಯುತ್ತದೆ. ನನ್ನ ಗೆಳೆಯನ ವ್ಯಾನಿನಲ್ಲಿ ಹಾಗೇ ಆಯಿತು.

ಕಂಪ್ರೆಸರ್ ಇಲ್ಲದೆ ಕರೆಂಟಿನಿಂದಲೇ ತಣ್ಣಗಾಗುವ ತಟ್ಟೆಯ ಮೇಲೆ ತೇವ ಹಿಡಿಯುವ ಚಿಕ್ಕ ಪೆಲ್ಟಿಯರ್ ಯಂತ್ರಗಳ ಪೆಟ್ಟಿಗೆ ಮೇಲಿನ ಅಂಕಿ ನೋಡಿ ಮೋಸಹೋಗಬೇಡಿ. ಅದು ಸಾಮಾನ್ಯವಾಗಿ 30 ಡಿಗ್ರಿ ಸೆಕೆ, ಶೇ. 80 ತೇವದಲ್ಲಿ ಅಳೆದದ್ದು. ಕಂಪ್ರೆಸರ್ ಇರುವಂಥವೂ ಚಳಿಯಲ್ಲಿ ಸೊರಗುತ್ತವೆ, ಒಳಗೆ ಮಂಜು ಕಟ್ಟಿಕೊಳ್ಳುತ್ತವೆ. ತೇವ ಹೀರುವ ಜಿಯೋಲೈಟ್ ಖನಿಜದ ಗಾಲಿ ತಿರುಗುವಂಥದ್ದು ಚಳಿಯಲ್ಲೂ ಕೆಲಸ ಮಾಡುತ್ತದೆ, ಆದರೆ ನೂರಾರು ವ್ಯಾಟ್ ಕರೆಂಟು ಬೇಕು. ಹೊರಗಿನ ಪ್ಲಗ್ ಸಿಗುವ ಜಾಗದಲ್ಲಿ ನಿಲ್ಲಿಸುವವರಿಗೆ ಸರಿ. ಅಷ್ಟು ಕರೆಂಟು ಇದ್ದರೆ ನೇರ ವಿದ್ಯುತ್ ಹೀಟರನ್ನೇ ಹಾಕಬಹುದಲ್ಲ, ಅದರಿಂದ ನೀರೇ ಬರುವುದಿಲ್ಲ.

ನಿಮ್ಮ ಹಾಸಿಗೆ ವಿಷಯ ಬೇರೆ. ಅದು ನನ್ನ ಕೆಲಸ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೈಯ ಬೆವರಿನ ಆವಿ ಹಾಸಿಗೆಯೊಳಗೆ ಕೆಳಗೆ ಇಳಿಯುತ್ತದೆ. ಕೆಳಗೆ ತಣ್ಣನೆಯ ಹಲಗೆ. ಒಳಗೆ 20 ಡಿಗ್ರಿ, ಶೇ. 70 ತೇವ ಇದ್ದರೆ 14 ಡಿಗ್ರಿಗಿಂತ ತಣ್ಣಗಿರುವ ಯಾವ ಜಾಗವೂ ಬೆವರುತ್ತದೆ. ಶೇ. 50ಕ್ಕೆ ಇಳಿಸಿದರೆ ಅದೇ 9 ಡಿಗ್ರಿ. ಹಾಗಾಗಿ ತೇವ ಇಳಿಸುವುದೂ ಬೇಕು, ಹಲಗೆ ಒಂದೇ ತುಂಡಾಗಿರುವುದನ್ನು ಬಿಡಿಸುವುದೂ ಬೇಕು. ಹಲಗೆ ತೆಗೆದು ಎರಡೆರಡು ಬೆರಳು ಸಂದು ಬಿಟ್ಟು ಪಟ್ಟಿ ಬಡಿಯಿರಿ. ಆಗದಿದ್ದರೆ ಇರುವ ಹಲಗೆಗೇ ಸಾಲಾಗಿ ತೂತು ಕೊರೆಯಿರಿ. ಕೆಳಗೆ ಸಾಮಾನು ತುರುಕಿದ್ದರೆ ಗಾಳಿ ಆಡುವಷ್ಟು ಖಾಲಿ ಮಾಡಿ. ಬೆಳಿಗ್ಗೆ ಎದ್ದ ತಕ್ಷಣ ಹಾಸಿಗೆ ಮಡಚಬೇಡಿ, ಎತ್ತಿ ನಿಲ್ಲಿಸಿ.

ಪ್ಲೈವುಡ್ ಹಿಂದೆ ಒಮ್ಮೆ ನೋಡಿ. ಫೋಮ್ ಹಾಳೆ ತಗಡಿಗೆ ಅಂಟದೆ ಸಂದು ಉಳಿದಿದ್ದರೆ ಒಳಗಿನ ಗಾಳಿ ಅಲ್ಲಿಗೆ ನುಸುಳಿ ಅಲ್ಲೇ ನೀರಾಗುತ್ತದೆ. ಕಣ್ಣಿಗೆ ಕಾಣುವುದಿಲ್ಲ, ವರ್ಷ ಕಳೆದ ಮೇಲೆ ತುಕ್ಕಾಗಿ ಕಾಣುತ್ತದೆ.

ಮಂಜುಮುಸುಕು (1:15)

ಕ್ಯಾಟಲಿಟಿಕ್ ಹೀಟರ್ ಇದೆಯಲ್ಲ, ಜ್ವಾಲೆ ಇಲ್ಲದ್ದು. ಅದರಲ್ಲಿ ನೀರು ಬರುವುದಿಲ್ಲ ಅಂತ ಮಾರುವವರು ಹೇಳಿದರು.

ಲೆಕ್ಕದವಳು (1:20)

ಬರುತ್ತದೆ. ಜ್ವಾಲೆ ಕಾಣದಿದ್ದರೂ ಪ್ರೊಪೇನ್ ಅದೇ, ಆಮ್ಲಜನಕ ಅದೇ. 44 ಗ್ರಾಂಗೆ 72 ಗ್ರಾಂ. ಮಟ್ಟ ಇನ್ನೂ ಕೆಳಗೆ ಇಳಿಸಬಹುದು, ಅದರಿಂದ ಗಂಟೆಗೆ ಬರುವ ನೀರು ಕಡಿಮೆ ಇರಬಹುದು, ಅಷ್ಟೇ. ಕಿಟಕಿ ಅದಕ್ಕೂ ತೆರೆಯಬೇಕು.

ಎತ್ತರದಹಾದಿ (1:34)

ನಾನು ದೊಡ್ಡ ಸಿಲಿಂಡರಿನಿಂದ ಪೈಪ್ ಎಳೆದು ಹೀಟರಿಗೆ ಕೊಟ್ಟಿದ್ದೆ. ಚಿಕ್ಕದು ಹೈ ಮಟ್ಟದಲ್ಲಿ ಎರಡೂವರೆ ಗಂಟೆಗೆ ಮುಗಿಯುತ್ತದೆ, ಸಾಕಾಗಿತ್ತು. ಮೂರು ತಿಂಗಳಿಗೆ ಪೈಲಟ್ ನಿಲ್ಲುವುದೇ ಬಿಟ್ಟಿತು.

ಹಳೇಮೆಕ್ಯಾನಿಕ್ (1:49)

ಪೈಪಿನ ರಬ್ಬರ್ ಎಣ್ಣೆ ಬಿಡುತ್ತದೆ. ಪೂರ್ತಿ ಒತ್ತಡದ ಪ್ರೊಪೇನ್ ಆ ಪೈಪಿನಲ್ಲಿ ನಿಂತೇ ಇದ್ದರೆ ರಬ್ಬರಿನೊಳಗಿನ ಜಿಡ್ಡು ಕರಗಿ ಹೀಟರಿನ ಸೂಜಿರಂಧ್ರಕ್ಕೆ ಹೋಗಿ ಕೂರುತ್ತದೆ. ಹೀಟರ್ ಮಾಡಿದವರೇ ಹೇಳಿದ ಫಿಲ್ಟರ್ ಹಾಕಬೇಕು. ಜಿಡ್ಡು ಬಿಡದ ಪೈಪು ಅಂತಲೇ ಬೇರೆ ಸಿಗುತ್ತದೆ.

ಸಿಲಿಂಡರ್ ಹೊರಗೇ ಇರಲಿ. 20 ಡಿಗ್ರಿಯಲ್ಲಿ ಅದರೊಳಗಿನ ಒತ್ತಡ 7 ಬಾರ್‌ಗೂ ಜಾಸ್ತಿ. ಅಷ್ಟು ಒತ್ತಡದ ಪೈಪು ಹಾಸಿಗೆ ಪಕ್ಕ ಹಾದುಹೋಗುವುದು ನನಗೆ ಇಷ್ಟ ಇಲ್ಲ. ನಿಮ್ಮ ಮಾದರಿಗೆ ಕೆಳಒತ್ತಡದ ಜೋಡಣೆ ಇದ್ದರೆ ರೆಗ್ಯುಲೇಟರ್ ಹೊರಗೆ ಹಾಕಿ, ಒಳಗೆ 28 ಮಿಲಿಬಾರ್ ಮಾತ್ರ ಬರುವ ಹಾಗೆ ಮಾಡಿಸಿ. ಇಲ್ಲದಿದ್ದರೆ ಆ ಹೀಟರಿಗೆ ಅದನ್ನು ಜೋಡಿಸಲು ಹೋಗಬೇಡಿ.

ಬೆಚ್ಚನೆಗೂಡು (2:10)

ಇಷ್ಟೆಲ್ಲ ಕಷ್ಟ ಯಾಕೆ, ಡೀಸೆಲ್ ಹೀಟರ್ ಹಾಕಿಸಿಬಿಡಿ ಅಂತ ಯಾರೂ ಹೇಳಲಿಲ್ಲವಲ್ಲ. ನಾನು ಕಳೆದ ತಿಂಗಳು ಹಾಕಿಸಿದೆ. ಉರಿಯುವ ಕೋಣೆ ಮುಚ್ಚಿದ್ದು, ಗಾಳಿ ಹೊರಗಿನಿಂದ, ಹೊಗೆ ಹೊರಗೆ. ಒಳಗೆ ಬರುವುದು ಬಿಸಿ ಗಾಳಿ ಮಾತ್ರ. ಗಾಜು ಒಣ.

ನೀಲಿಜ್ವಾಲೆ (2:22)

ಪ್ರೊಪೇನ್‌ನಲ್ಲೂ ಅಂಥದ್ದು ಇದೆ. ಟ್ರೂಮಾ, ಪ್ರೊಪೆಕ್ಸ್, ಸಬರ್ಬನ್ ಎಲ್ಲರೂ ಹೊಗೆ ಹೊರಹೋಗುವ ಹೀಟರ್ ಮಾಡುತ್ತಾರೆ. ರಾತ್ರಿಯಿಡೀ ಬಿಸಿ ಬೇಕೇಬೇಕು ಅನ್ನುವವರಿಗೆ ಅದೇ ಸರಿಯಾದ ದಾರಿ, ಇದರಲ್ಲಿ ಎರಡು ಮಾತಿಲ್ಲ. ಅಲಾರಾಂ ಅದಕ್ಕೂ ಬೇಕು, ಕೊಳವೆ ಬಿರುಕು ಬಿಟ್ಟರೆ ಕಥೆ ಬೇರೆ. ಬ್ಯಾಟರಿ ಲೆಕ್ಕ ಮಾತ್ರ ನೋಡಿಕೊಳ್ಳಿ. ದೊಡ್ಡ ಫರ್ನೇಸ್‌ಗಳ ಫ್ಯಾನು ರಾತ್ರಿ ಪೂರ್ತಿ ಓಡಿದರೆ ಬೆಳಿಗ್ಗೆ ಬ್ಯಾಟರಿ ಖಾಲಿ. ಡೀಸೆಲ್‌ನದು ಹೊತ್ತಿಕೊಳ್ಳುವಾಗ ಮಾತ್ರ 10 ಆಂಪಿಯರ್ ಆಸುಪಾಸು ಎಳೆಯುತ್ತದೆ, ಆಮೇಲೆ ಸ್ವಲ್ಪವೇ.

ಬೆಚ್ಚನೆಗೂಡು (2:30)

ಹೌದು. ಹಳೇ ಹೀಟರ್ ಈಗ ಹೊರಗೆ ಕೂತಾಗ ಮಾತ್ರ. ಮತ್ತೆ ಹಳೇಮೆಕ್ಯಾನಿಕ್ ಸರ್, ಕೈಪಿಡಿ ಓದಿದೆ. ಮಲಗುವಾಗ ಆರಿಸಿ ಅಂತ ಸ್ಪಷ್ಟವಾಗಿ ಇದೆ. ನಾನು ತಪ್ಪು ಹೇಳಿದ್ದೆ.

ಗಾಲಿಮನೆ (ಮುಂದಿನ ಸೋಮವಾರ, ರಾತ್ರಿ 8:15)

ಒಂದು ವಾರದ ವರದಿ. ಹಾಸಿಗೆ ಅಡಿಯ ಹಲಗೆ ತೆಗೆದು ಪಟ್ಟಿ ಬಡಿದೆವು. ಬೂಷ್ಟು ಹಿಡಿದ ಭಾಗ ಕತ್ತರಿಸಿ ಬಿಸಾಡಿದೆವು, ಹಾಸಿಗೆ ಹೊಸದು. ಫ್ಯಾನಿನ ದಿಂಬು ಹೋಯಿತು. ಮುಂದಿನ ಕಿಟಕಿ ಎರಡು ಬೆರಳು, ಫ್ಯಾನು ಅತಿ ನಿಧಾನ. ಹೀಟರನ್ನು ಹೊರಗೆ ಇಟ್ಟು ಗಾಳಿ ಊದಿ ಶುಚಿ ಮಾಡಿಸಿದೆವು. ಒಳಗೆ ನಾಯಿಕೂದಲು ಇತ್ತು, ಹಳೇಮೆಕ್ಯಾನಿಕ್ ಸರ್ ಹೇಳಿದ ಹಾಗೇ.

ಈಗ ಸಂಜೆ ಎರಡು ಗಂಟೆ ಉರಿಸುತ್ತೇವೆ, ಮಲಗುವ ಅರ್ಧ ಗಂಟೆ ಮುಂಚೆ ಆರಿಸಿ ಸಿಲಿಂಡರ್ ಬಿಚ್ಚಿ ಹೊರಗಿನ ಪೆಟ್ಟಿಗೆಗೆ ಹಾಕುತ್ತೇವೆ. ಬೆಳಿಗ್ಗೆ ಎದ್ದ ಮೇಲೆ ಅರ್ಧ ಗಂಟೆ. ಸಿಓ ಪರದೆ ಇಡೀ ವಾರ 0. ತೇವ ರಾತ್ರಿ ಶೇ. 55, ಬೆಳಿಗ್ಗೆ 62ರಿಂದ 66. ಬುಧವಾರ ಧಾರಾಕಾರ ಮಳೆಯಲ್ಲೂ 68 ದಾಟಲಿಲ್ಲ. ಹಾಸಿಗೆ ಅಡಿ ಒಣ. ದಿನಾ ಕೈ ಹಾಕಿ ನೋಡುತ್ತೇನೆ.

ಉಳಿದಿರುವುದು ಒಂದೇ. ಕಿಟಕಿಯ ಅಲ್ಯೂಮಿನಿಯಂ ಚೌಕಟ್ಟು ಈಗಲೂ ಬೆಳಿಗ್ಗೆ ಬೆವರುತ್ತದೆ.

ಹಲಗೆಮೊಳೆ (8:32)

ಅಲ್ಯೂಮಿನಿಯಂ ಹೊರಗಿನ ಚಳಿಯನ್ನು ನೇರ ಒಳಗೆ ತರುತ್ತದೆ. ಒಳಗಿನಿಂದ ತೆಳು ಫೋಮ್ ಪಟ್ಟಿ ಅಂಟಿಸಿ. ಗಾಜಿಗೆ ರಾತ್ರಿ ಹಾಕುವ ಹೊದಿಕೆ ಅಂಚಿಗೆ ಬಿಗಿಯಾಗಿ ಕೂರಬೇಕು, ಸಡಿಲ ಇದ್ದರೆ ಅದರ ಹಿಂದೆಯೇ ನೀರು ನಿಲ್ಲುತ್ತದೆ. ಆಮೇಲೂ ಸ್ವಲ್ಪ ಬಂದರೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಹೊರಗೆ ಹಿಂಡಿ. ಒಳಗೇ ಒಣಗಲು ಹಾಕಬೇಡಿ.

ಆಸ್ಪತ್ರೆಪಾಳಿ (8:40)

0 ಅಂತ ಓದಿ ಸಮಾಧಾನವಾಯಿತು ಅಕ್ಕ. ಅಲಾರಾಂ ಹಿಂದೆ ಮುಗಿಯುವ ವರ್ಷ ಬರೆದಿರುತ್ತದೆ, ಆ ಸೆನ್ಸರ್‌ಗೂ ಆಯುಸ್ಸಿದೆ. ಒಮ್ಮೆ ನೋಡಿಟ್ಟುಕೊಳ್ಳಿ. ವಾರಕ್ಕೊಮ್ಮೆ ಗುಂಡಿ ಒತ್ತಿ ಪರೀಕ್ಷೆ ಮಾಡಿ.

ಗಾಲಿಮನೆ (8:47)

ನೋಡಿದೆ, ಏಳು ವರ್ಷ ಇದೆ. ಈಗಷ್ಟೇ ಗುಂಡಿ ಒತ್ತಿದೆ, ನಾಯಿ ಎದ್ದು ಕೂತಿತು. ಫೋಮ್ ಪಟ್ಟಿ ನಾಳೆ ತರುತ್ತೇನೆ.